ಮುಕ್ತಾಬಾಯಿ ತೆಗೆದ ಹನ್ನೊಂದು ಸಾಲು

ಮುಕ್ತಾಬಾಯಿಗೆ ಕಂಪ್ಯೂಟರ್ ಕಲಿಸಿದವಳು ನಾನು, ನೂರಜಹಾನ್. ಪೇಟೆಯ ಜಗತ್ ಸರ್ಕಲ್ ಬಳಿ ನನ್ನ ಕ್ಲಾಸ್. ಖಜಾನೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ಈಕೆ ಮೊದಲ ದಿನವೇ ಬೋರ್ಡಿನ ಮೇಲೆ ನಾನು ಕೂಡಿಸಿದ್ದರಲ್ಲಿ ತಪ್ಪು ಹಿಡಿದರು. ಮೈಯೆಲ್ಲ ಉರಿಯಿತು. ತಪ್ಪು ನನ್ನದೇ ಇತ್ತು, ಮಾಡುವುದೇನು! ಆಮೇಲೆ ಗೆಳೆತನವಾಯಿತು.

ಕಮಲಾಪುರದ ಕೆಂಪು ಬಾಳೆಯ ತೋಟ ಅವರಿಗೂ ತಮ್ಮ ಬಂಡುವಿಗೂ ಸಮಪಾಲು. ಬೆಳೆಯುವವನು ಬಂಡು, ಲೆಕ್ಕ, ಬ್ಯಾಂಕು ಎಲ್ಲ ಪೇಟೆಯ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ಅಕ್ಕನ ಕೈಯಲ್ಲಿ. ೧೯೯೮ರಿಂದ ಮನೆಲೆಕ್ಕದ ಸಾಫ್ಟ್‌ವೇರಿನಲ್ಲಿ ಪೈಸೆ ಬಿಡದೆ ಬರೆದಿದ್ದರು. ೨೦೦೯ರ ದೀಪಾವಳಿಗೆ ಎಂಟು ದಿನವಿರುವಾಗ ಬಂಡುವಿನ ಫೋನ್ ಬಂತು.

"ಅಕ್ಕಾ, ನನ್ನ ಹೆಸರಿಲೆ ಬರದದ್ದೆಲ್ಲಾ ತೋರಿಸು. ಇಲ್ಲಂದ್ರ ಈ ಸಲ ಭಾವುಬೀಜಕ್ಕ ಬರಂಗಿಲ್ಲ."

ದೀಪಾವಳಿಯಲ್ಲಿ ಅಕ್ಕ ತಮ್ಮನಿಗೆ ಆರತಿ ಎತ್ತುವ, ತಮ್ಮ ಆರತಿ ತಾಟಿಗೆ ಅಕ್ಕನ ಪಾಲಿನ ಕಾಣಿಕೆ ಹಾಕುವ ಹಬ್ಬ ಅದು. ಮುಕ್ತಾಬಾಯಿಯವರಿಗೆ ಇದ್ದವನು ಅವನೊಬ್ಬನೇ.

"ನಾ ಏನು ಕಳ್ಳೀನ, ನೂರಾ?" ಎಂದು ಅತ್ತರು. ನನಗೆ ಬಂಡುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಸಾಫ್ಟ್‌ವೇರು ವರ್ಷದ ಮೊತ್ತವನ್ನಷ್ಟೇ ಅಚ್ಚು ಹಾಕುತ್ತಿತ್ತು. ಒಂಬತ್ತು ಸಾವಿರ ಸಾಲುಗಳಲ್ಲಿ ಬಂಡುವಿನದನ್ನು ಕೈಯಿಂದ ಆರಿಸಲು ತಿಂಗಳು ಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಕಡತವನ್ನು ನೇರವಾಗಿ ತೆರೆದು ಓದುವ ಸಿದ್ಧ ಲೈಬ್ರರಿಯೊಂದಿದೆ ಎಂದು ಹೇಳಿಕೊಟ್ಟೆ. ಅರವತ್ತೆರಡರ ಹೆಂಗಸು ಎರಡೇ ದಿನದಲ್ಲಿ ಹದಿನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದರು: ಪ್ರತಿ ಖಾತೆ ತೆರೆ, ಬಂಡುವಿನ ಹೆಸರಿದ್ದರೆ ತಾರೀಖು, ಮೊತ್ತ, ವಿವರ ಹೊರಗೆ ಹಾಕು. ಭೇಷ್ ಎನ್ನದೆ ಬಿಟ್ಟೇನೆಯೇ!

ಮರುದಿನ ಲೆಕ್ಕದ ಕಡತ ಹಾಕಿಕೊಂಡ ನನ್ನ ಲ್ಯಾಪ್‌ಟಾಪ್, ಅಚ್ಚು ಹಾಕಿದ ಹಾಳೆ ಹಿಡಿದು ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು.

"ನೋಡಪಾ, ಒಂದೊಂದ ಸಾಲೂ ನೋಡು," ಎಂದು ಮುಕ್ತಾಬಾಯಿ ಗತ್ತಿನಿಂದ ಹಾಳೆಗಳನ್ನು ತಮ್ಮನ ಮುಂದಿಟ್ಟರು.

ಬಂಡು ಬೆರಳಿಟ್ಟು ಓದಿದ. ಬಾಳೆ ಮಾರಿದ್ದು, ಕೂಲಿ, ಮೋಟರು ರಿಪೇರಿ, ಎಲ್ಲ ಸರಿಯಿತ್ತು. ಒಂದು ಕಡೆ ಬೆರಳು ನಿಂತಿತು. 'ಭಾವುಬೀಜ, ಐವತ್ತೊಂದು ರೂಪಾಯಿ, ಬಂಡುವಿಗೆ ಜಮಾ.' ಮುಂದಿನ ವರ್ಷವೂ ಹಾಗೆಯೇ. ಹನ್ನೊಂದು ದೀಪಾವಳಿ, ಹನ್ನೊಂದು ಸಾಲು.

"ಆರತಿ ತಾಟಿನಾಗ ನಾ ಹಾಕಿದ ರೊಕ್ಕ ಏನಕ್ಕಾ ಇದು?"

"ಹೌದೋ. ನಿನ್ನ ಕೈಯಾಗ ರೊಕ್ಕ ನಿಲ್ಲಂಗಿಲ್ಲ. ನಿನ್ನ ಹೆಸರಿಗೇ ಇರಲಿ ಅಂತ ಇಟ್ಟೆ."

"ಅಂದ್ರ ನನ್ನ ಭಾವುಬೀಜ ಒಂದ ಸಲಾನೂ ತಗೊಂಡಿಲ್ಲ ನೀ." ಬಂಡು ಹಾಳೆಗಳನ್ನು ಪಕ್ಕಕ್ಕೆ ಸರಿಸಿದ. "ನಾ ನಿನಗ ಕಳ್ಳಿ ಅಂದ್ಕೊಂಡೆ. ನೀ ನನಗ ತಮ್ಮ ಅಂತನೂ ಅಂದ್ಕೊಂಡಿಲ್ಲ."

ನನ್ನ ತಪ್ಪು ಹಿಡಿದಿದ್ದ ಮುಕ್ತಾಬಾಯಿ ಹಾಳೆ ಎಳೆದುಕೊಂಡು ಆ ಹನ್ನೊಂದೂ ಸಾಲನ್ನು ಒಂದೊಂದಾಗಿ ಓದಿದರು. ಆಮೇಲೆ, "ತಪ್ಪಾತು, ಬಂಡು," ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆ ಲೈಬ್ರರಿ ಓದುವುದಷ್ಟೇ ಅಲ್ಲ, ತಿದ್ದಲೂ ಬಲ್ಲದು. ಮುಕ್ತಾಬಾಯಿ ಕಡತದ ನಕಲು ತೆಗೆದಿಟ್ಟು ಮೂರು ಸಾಲು ಹೊಸದಾಗಿ ಬರೆದರು: ವಿವರದಲ್ಲಿ ಭಾವುಬೀಜ ಎಂದಿದ್ದರೆ ಬಂಡುವಿನ ಖಾತೆಯಿಂದ ತೆಗೆ, ಮುಕ್ತಾಬಾಯಿಯ ಖಾತೆಗೆ ಹಾಕು.

"ನೀನ ಒತ್ತು," ಎಂದು ಲ್ಯಾಪ್‌ಟಾಪನ್ನು ತಮ್ಮನ ಕಡೆ ತಿರುಗಿಸಿದರು.

ಬಂಡು ಧೋತರಕ್ಕೆ ಕೈ ಒರೆಸಿಕೊಂಡು ಒತ್ತಿದ. ಹನ್ನೊಂದೂ ಸಾಲು ಅಕ್ಕನ ಖಾತೆಗೆ ಬಂದವು.

"ಈ ಸಲದ್ದು ಯಾರ ಹೆಸರಿಗೆ ಬರೀತಿ?" ಎಂದ, ಮೂಗು ಒರೆಸಿಕೊಳ್ಳುತ್ತ.

"ಬರೆಯಂಗೇ ಇಲ್ಲೋ," ಎಂದರು ಮುಕ್ತಾಬಾಯಿ. "ಸೀರಿ ತಗೋತೀನಿ. ಜಾಸ್ತಿ ಹಾಕು."