ಅದನ್ನ ನಾ ಹೇಳಾಂವ ಇದ್ದೆ

ಸವದತ್ತಿಯಲ್ಲಿ ಕಾರಿನ ವಾಯರಿಂಗ್ ಮಾಡುವವನೊಬ್ಬನಿದ್ದ. ಅವನಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಯಾವುದೂ ಇರಲಿಲ್ಲ. ಬೇರೆಯವರು ಹೇಳುವತನಕ ಸುಮ್ಮನಿರುವಷ್ಟು ಸಂಕೋಚ ಮಾತ್ರ ಇತ್ತು. ಯಾರು ಏನೇ ಅನ್ನಲಿ, ಕಿವಿಯ ಮೇಲಿನ ಟೆಸ್ಟರ್ ತೆಗೆದು ಎತ್ತಿ ಹಿಡಿದು, “ಅದನ್ನ ನಾ ಹೇಳಾಂವ ಇದ್ದೆ” ಅನ್ನುತ್ತಿದ್ದ.

ಮಕ್ಕಳೇ, ಬಸುರಿಯಾಗಿದ್ದ ನಿಮ್ಮವ್ವನ ಕುಬಸಕ್ಕೆ ಸಾಲಹಳ್ಳಿಗೆ ಹೊರಟಿದ್ದೆವು. ದಾರಿಯಲ್ಲಿ ಹೂವು ಕೊಂಡು ಇಡಲು ಹೋದರೆ ಡಿಕ್ಕಿ ತೆರೆಯಲೇ ಇಲ್ಲ. ಹಸಿರು ಸೀರೆ, ಹೋಳಿಗೆಯ ಬುಟ್ಟಿ ಎಲ್ಲ ಅದರೊಳಗೆ. ಹನ್ನೆರಡರೊಳಗೆ ಅವಳ ಉಡಿ ತುಂಬಬೇಕಿತ್ತು. ಕಾರನ್ನು ಆ ವಾಯರಿಂಗಿನವನ ಹತ್ತಿರ ತಂದೆವು.

“ಫ್ಯೂಸ್ ಹೋಗಿರಬೇಕು” ಎಂದ ನನ್ನ ಮಗ, ನಿಮ್ಮ ಮಾವ.

“ಅದನ್ನ ನಾ ಹೇಳಾಂವ ಇದ್ದೆರಿ.”

ಫ್ಯೂಸ್ ಚೆನ್ನಾಗಿತ್ತು.

“ಹಂಗಾರ ಸ್ವಿಚ್ಚು?”

ಅದನ್ನೂ ಅವನು ಹೇಳುವವನಿದ್ದ. ಅದೂ ಸರಿಯಿತ್ತು. ಹಿಂದಿನ ಸೀಟು ಕಿತ್ತ. ಆ ಸಂದಿಯಲ್ಲಿ ಅವನ ಕೈ ಹೋಯಿತೇ ಹೊರತು ಬುಟ್ಟಿ ಹೊರಬರುವಂತಿರಲಿಲ್ಲ. ಹತ್ತೂವರೆಯಾಯಿತು.

ಗಂಡಸರ ಕೆಲಸದಲ್ಲಿ ಬಾಯಿ ಹಾಕುವವಳಲ್ಲ ನಾನು. ಆದರೂ ಸೆರಗಿನ ಮರೆಯಿಂದ ಮಗನಿಗೆ ಅಂದೆ: “ಬಾವಿ ಹಗ್ಗ ಗಾಲಿ ಮ್ಯಾಲೆ ಬಾಗೂದಲ್ಲೇ ಹರೀತೈತಿ. ಡಿಕ್ಕಿ ತಗದು ಮುಚ್ಚೂವಾಗ ವಾಯರ್ ಎಲ್ಲಿ ಬಾಗತೈತಿ, ಅಲ್ಲಿ ನೋಡಂತ ಹೇಳೋ.”

ಪಾಪ, ಅದನ್ನೂ ವಾಯರಿಂಗಿನವನು ಹೇಳುವವನೇ ಇದ್ದ. ಡಿಕ್ಕಿಯ ಬಿಜಾಗರಿಯ ಹತ್ತಿರ, ರಬ್ಬರಿನೊಳಗೆ ವಾಯರ್ ಹರಿದಿತ್ತು. ಜೋಡಿಸಿದೊಡನೆ ಡಿಕ್ಕಿ ಟಕ್ಕನೆ ತೆರೆಯಿತು. ಉಡಿ ಹೊತ್ತಿಗೆ ಸರಿಯಾಗಿ ತುಂಬಿತು.

ಮುಂದೊಮ್ಮೆ ಅಲ್ಲಿಗೆ ಹೋದಾಗ ಅವನು ಇನ್ನೊಬ್ಬರಿಗೆ ಹೇಳುತ್ತಿದ್ದ: “ಬಾವಿ ಹಗ್ಗ ಬಾಗೂದಲ್ಲೇ ಹರೀತೈತ್ರಿ. ನಮ್ಮ ವಾಯರಿಂಗದಾಗ ಇದ ಮೊದಲನೇ ಪಾಠ.” ನನ್ನನ್ನು ಕಂಡು, “ಹೌದಲ್ರಿ, ಅಮ್ಮಾರ?” ಎಂದ.

ಸೆರಗು ಸರಿಮಾಡಿಕೊಂಡು ಹೇಳಿದೆ: “ಅದನ್ನ ನಾನೂ ಹೇಳಾಕಿ ಇದ್ದೆ.”