ಮೆಣಸಿನಕಾಯಿಯ ಘಾಟು

ಮಗಳನ್ನು ದತ್ತು ಕೇಂದ್ರದಿಂದ ರಾಣೆಬೆನ್ನೂರಿನ ನಮ್ಮ ಮನೆಗೆ ಕರೆತಂದು ಕೆಲವೇ ವಾರಗಳಾಗಿದ್ದವು. ನಾಲ್ಕು ವರ್ಷದ ಹುಡುಗಿ. ದತ್ತಿನ ಅಂತಿಮ ಆದೇಶ ಇನ್ನೂ ಬಂದಿರಲಿಲ್ಲ. ಯಾವಾಗ ಬಂದು ವಾಪಸ್ ಕರೆದೊಯ್ಯುತ್ತಾರೋ ಎಂದು, ಗೇಟು ಸಪ್ಪಳಾದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅವತ್ತು ಮಗು ಹೇಗಿದೆಯೆಂದು ನೋಡಲು ಹಾವೇರಿಯಿಂದ ಮಕ್ಕಳ ರಕ್ಷಣೆಯ ಅಧಿಕಾರಿ ಬರುವವರಿದ್ದರು.

"ಹೊರಗಿನವರ ಕಣ್ಣು ಬೀಳತಾವ" ಎಂದು ನಮ್ಮತ್ತೆ ಬೆಳಿಗ್ಗೆಯೇ ದೃಷ್ಟಿ ತೆಗೆದು, ಬ್ಯಾಡಗಿ ಮೆಣಸಿನಕಾಯಿ ಕೆಂಡಕ್ಕೆ ಹಾಕಿದರು. ಬ್ಯಾಡಗಿಯದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದೇ ನಮ್ಮ ಕಡೆ ನಂಬಿಕೆ.

"ಸಾಕ್ರಿ ಅತ್ತಿ, ಅವರು ಬರೂ ಹೊತ್ತಾತು" ಎಂದು ನಾನು ಸಿಡುಕಿದರೂ ಕೇಳದೆ, ಅವರು ಗುಂಟೂರಿನ ಮೆಣಸಿನಕಾಯಿ ಮುಷ್ಟಿ ತುಂಬ ಸುರಿದರು. ಈಗ ಘಾಟು ಬಂತು. ಮನೆಮಂದಿಗೆಲ್ಲ ಕೆಮ್ಮು ಹತ್ತಿತು.

ಕಿಟಕಿ ತೆಗೆದು ಘಾಟು ಹೊರಹೋಗುವಷ್ಟರಲ್ಲಿ ಆ ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಮಗುವಿನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ದೃಷ್ಟಿ ತೆಗೆದೆವೆಂದರೆ ಯಾರು ನಂಬುತ್ತಾರೆ? ಹೊಡೆದಿದ್ದೇವೆ ಎಂದುಕೊಳ್ಳುತ್ತಾರೆ.

ಅವರು ನನ್ನನ್ನು ದಾಟಿ ಹೋಗಿ ಮಗಳ ಮುಂದೆ ತುದಿಗಾಲಲ್ಲಿ ಕುಳಿತರು. "ಯಾಕವಾ, ಅಳಾಕತ್ತೀದಿ?"

ಮಗಳು ಲಂಗದ ಅಂಚಿನಿಂದ ಗಸಗಸ ಕಣ್ಣೊರೆಸಿಕೊಂಡಳು.

"ನಾ ಅತ್ತಿಲ್ರೀ. ನಾ ಶ್ಯಾಣ್ಯಾಕಿ ಅದೀನ್ರಿ. ನನ್ನ ಇಲ್ಲೇ ಬಿಡ್ರಿ."