ಮೊದಲಿಂದ ಕೊನೆತನಕ ಕೇಳಿದವರು

"ಮಾಮಾ, ಹೊಸಪೇಟೆಯಾಗ ಸಿಡಿ ಮಾರೋ ಅಂಗಡಿ ಎಲ್ಲೈತಿ?"

ಹೋದ ಭಾನುವಾರ ಅಕ್ಕನ ಮಗಳು ರೇಖಾ ಫೋನಿನಲ್ಲಿ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ಈ ಕಾಲದಲ್ಲಿ ಸಿಡಿಯೇ? ಹಾಕಿ ಕೇಳೋಣವೆಂದರೆ ಯಾರ ಮನೆಯಲ್ಲಿ ಪ್ಲೇಯರ್ ಇದೆ?

ಆಕೆ ನಗಲಿಲ್ಲ. ಆಗಲೇ ಸಂಡೂರಿನಲ್ಲಿ ಬಸ್ಸು ಹತ್ತಿಯಾಗಿತ್ತು. ಜೊತೆಗೆ ಒಂದು ರಟ್ಟಿನ ಡಬ್ಬಿ ತುಂಬ ಸಿಡಿ.

ರೇಖಾ ಗಣಿಯೊಂದರ ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಾಳೆ. ಅದಿರಿನ ಲಾರಿ ಬಂದು ನಿಂತರೆ ಕಂಪ್ಯೂಟರಿನಲ್ಲಿ ತೂಕ ನೋಡಿ ಚೀಟಿ ಕೊಡುವ ಕೆಲಸ. ಮನೆಗೆ ಬಂದ ಮೇಲೆ ರ‍್ಯಾಪ್ ಬರೆಯುತ್ತಾಳೆ. (ಅದು ಹಾಡೋ ಜಗಳವೋ ಎಂದು ನಮ್ಮಕ್ಕನಿಗೆ ಇನ್ನೂ ಗೊತ್ತಾಗಿಲ್ಲ.) "ಲಾರಿ ತೂಗ್ತೀನಿ, ಮಣ್ಣು ತೂಗ್ತೀನಿ, ನನ್ನ ಮಾತಿನ ತೂಕ ಯಾರು ನೋಡ್ತೀರಿ" ಎನ್ನುವುದು ಆಕೆಯದೇ ಸಾಲು. ಈಗ ಒಂದಿಡೀ ಆಲ್ಬಮ್ ಮಾಡಿದ್ದಾಳೆ.

ಆನ್‌ಲೈನಿನಲ್ಲಿ ಹಾಕಿದ್ದೀಯಲ್ಲ, ಸಾಲದೇ ಎಂದೆ.

"ಅಪ್ಪಗ ಫೋನಿನಾಗ ತೋರಿಸಿದ್ರ ರೀಲ್ಸ್ ಅಂತಾನ ಮಾಮಾ. ಒಂದು ಅಂಗಡಿಯಾಗರ ಇತ್ತಂದ್ರ, ನನ್ನ ಮಗಳು ಏನೋ ಮಾಡ್ಯಾಳ ಅಂತಾನ."

ಈ ರ‍್ಯಾಪಿನ ಮೂಲವಾದ ಹಿಪ್-ಹಾಪ್ ಒಂದು ಕಾಲಕ್ಕೆ ಕೈಯಿಂದ ಕೈಗೆ ಕ್ಯಾಸೆಟ್ ದಾಟಿಸಿಯೇ ಬೆಳೆದದ್ದು. ಆಮೇಲೆ ಅದರ ಆಲ್ಬಮ್ಮುಗಳಿಗೆ ಅಂಗಡಿ ಮುಂದೆ ಕ್ಯೂ ನಿಂತರು. ಈಗ ಕ್ಯೂ ಹೋಗಲಿ, ದೊಡ್ಡ ದೊಡ್ಡ ಊರುಗಳಲ್ಲೇ ಅಂಗಡಿ ಇಲ್ಲ. ಹೆಸರು ಮಾಡಿದವರೇ ಆಲ್ಬಮ್ ಕೈಬಿಟ್ಟು ಒಂದೊಂದೇ ಹಾಡು ಬಿಡುತ್ತಿದ್ದಾರೆ. ಅಂಥದ್ದರಲ್ಲಿ ಸಂಡೂರಿನ ರೇಖಾಳ ಸಿಡಿಯನ್ನು ಹೊಸಪೇಟೆಯಲ್ಲಿ ಯಾರು ಇಟ್ಟುಕೊಳ್ಳಬೇಕು?

ಆದರೂ ಆಕೆ ಬಸ್ಸಿಳಿದ ಮೇಲೆ ಇಬ್ಬರೂ ಹೊರಟೆವು. ನಾನು ಕಾಲೇಜಿನಲ್ಲಿದ್ದಾಗ ಕ್ಯಾಸೆಟ್ ಕೊಳ್ಳುತ್ತಿದ್ದ ಒಂದು ಅಂಗಡಿ ಬಟ್ಟೆ ಅಂಗಡಿಯಾಗಿದೆ. ಇನ್ನೊಂದರಲ್ಲಿ ಜ್ಯೂಸ್ ಮಾರುತ್ತಾರೆ. ಕೊನೆಗೆ ಉಳಿದದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಶರಣಪ್ಪನವರ ಅಂಗಡಿ. ಅಲ್ಲೂ ಗೋಡೆ ತುಂಬ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್. ಅರವತ್ತು ದಾಟಿದ ಶರಣಪ್ಪ ಮಾತ್ರ ಅದೇ ಸ್ಟೂಲಿನ ಮೇಲೆ ಕೂತಿದ್ದರು. ನನ್ನ ಗುರುತು ಹಿಡಿದು, ಬರ್ರಿ ಕುಂದ್ರಿ ಎಂದರು.

ರೇಖಾ ವಿಷಯ ಹೇಳಿದಳು. ಅವರು ಸುತ್ತಿಬಳಸಲಿಲ್ಲ. ಸಿಡಿ ಕೇಳಿಕೊಂಡು ಜನ ಬರುವುದು ಯಾವಾಗಲೋ ನಿಂತುಹೋಗಿದೆ, ಇಟ್ಟುಕೊಂಡರೆ ಧೂಳು ಕೂರುತ್ತದೆ, ಮುಂದೆ ನೀನೇ ಬಂದು ನೋಡಿದರೆ ನಿನಗೇ ಬೇಜಾರು ಎಂದರು. ಆಕೆ ಡಬ್ಬಿಯ ಮುಚ್ಚಳ ಹಾಕತೊಡಗಿದಳು. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಶರಣಪ್ಪ ಕೌಂಟರಿನ ಕೆಳಗಿನಿಂದ ಹಳೆಯ ಪ್ಲೇಯರ್ ಎತ್ತಿ, ಬಟ್ಟೆಯಿಂದ ಒರೆಸಿ ಮೇಲಿಟ್ಟರು. ಹಾಡು ಕೇಳುವುದಕ್ಕೆ ಅಡ್ಡಿಯಿಲ್ಲವಲ್ಲ ಎಂದರು. ರೇಖಾ ಗಡಿಬಿಡಿಯಿಂದ, ಮೂರನೆಯದು, ತೂಕದ ಹಾಡು, ಚೆನ್ನಾಗಿದೆ, ಅದೊಂದು ಕೇಳಿದರೆ ಸಾಕು ಎಂದಳು.

"ಆಲ್ಬಮ್ ಅಂದಿಯಲ್ಲ ತಂಗಿ? ಮೊದ್ಲಿಂದ ಕೇಳೋಣು."

ಕೇಳಿದರು. ಚಾರ್ಜರ್ ಬೇಕೆಂದು ಬಂದವರಿಗೆ ಕೈಸನ್ನೆಯಲ್ಲೇ ಸ್ವಲ್ಪ ತಡೆಯಲು ಹೇಳಿದರು. ಒಬ್ಬರು ಬೇಸತ್ತು ಪಕ್ಕದ ಅಂಗಡಿಗೆ ಹೋದರು. ಶರಣಪ್ಪ ತಲೆ ಆಡಿಸಲಿಲ್ಲ, ತಾಳ ಹಾಕಲಿಲ್ಲ, ನಗಲೂ ಇಲ್ಲ. ರೇಖಾ ಉಗುರು ಕಚ್ಚುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಪರೀಕ್ಷೆಯ ರಿಸಲ್ಟಿಗೂ ಆಕೆ ಹೀಗೆ ಕಾದದ್ದನ್ನು ನಾನು ಕಂಡಿಲ್ಲ.

ಮುಗಿಯಿತು. ಅವರು ಸಿಡಿ ಹೊರತೆಗೆದರು.

"ತೂಕದ ಹಾಡು ಭಾಳ ಛಲೋ ಐತಿ. ಐದನೇದು ಸರಿಯಿಲ್ಲ. ಅದರಾಗ ಬೀಟು ನಿನ್ನ ಮಾತು ನುಂಗತೈತಿ."

ಹಿಪ್-ಹಾಪ್ ಅಂದರೆ ಹಾಗೇ ಇರೋದು ಅಂಕಲ್ ಎಂದು ಆಕೆ ವಾದಕ್ಕಿಳಿದಳು. ಹಾಗಾದರೆ ಮೂರನೆಯದರಲ್ಲಿ ಮಾತು ಯಾಕೆ ಕೇಳಿಸಿತು ಎಂದು ಅವರು ತಿರುಗಿ ಕೇಳಿದರು. ಆಕೆ ಐದನೆಯದನ್ನು ಮತ್ತೆ ಹಾಕಿಸಿದಳು. ಅವರು ನಡುವೆ ನಿಲ್ಲಿಸಿ, ಇಲ್ಲಿ ಕೇಳು, ಏನಂದಿ ಇಲ್ಲಿ ಎಂದರು. ಬರೆದವಳಿಗೇ ಕೇಳಿಸಲಿಲ್ಲ. ಪಿಚ್ಚನೆ ನಕ್ಕಳು.

ಒಂದು ಸಿಡಿಯನ್ನು ತಮಗೆಂದು ಕೇಳಿ ಇಟ್ಟುಕೊಂಡರು. ಅದೂ ಮಾರುವುದಕ್ಕಲ್ಲ ಎಂದು ಮೊದಲೇ ಹೇಳಿದರು. ಉಳಿದವನ್ನು ಹೊತ್ತು ಆಟೋ ಹತ್ತಿದೆವು. ಸಮಾಧಾನದ ಎರಡು ಮಾತು ಹೇಳಬೇಕೆಂದು ನಾನು ತಡಕಾಡುತ್ತಿದ್ದರೆ ಆಕೆಯೇ ಮಾತಾಡಿದಳು.

"ಆನ್‌ಲೈನಿನಾಗ ಎಲ್ಲಾರೂ ಬೆಂಕಿ ಎಮೋಜಿ ಹಾಕ್ತಾರ ಮಾಮಾ. ಐದನೇದು ಸರಿಯಿಲ್ಲ ಅಂದೋರು ಇವ್ರೊಬ್ರ."

ದನಿಯಲ್ಲಿ ಬೇಸರವಿರಲಿಲ್ಲ. ಊಟಕ್ಕೆ ಕೂತಾಗಲೂ ಐದನೇ ಹಾಡಿನದೇ ಮಾತು. ಸಂಜೆ ಬಸ್ಸಿಗೆ ಡಬ್ಬಿ ಆಕೆಯ ಜೊತೆಗೇ ವಾಪಸ್ಸು ಹೋಯಿತು. ಅಪ್ಪನಿಗೆ ತೋರಿಸಲು ಅಂಗಡಿ ಸಿಗಲಿಲ್ಲ. ಮೊನ್ನೆ ಫೋನು ಮಾಡಿದ್ದಳು. ಐದನೆಯದನ್ನು ಹೊಸದಾಗಿ ರೆಕಾರ್ಡ್ ಮಾಡುತ್ತಿದ್ದಾಳಂತೆ.

ಮೊಬೈಲ್ ಬಂದಮೇಲೆ ಹಾಡುಗಳಿಗೇನೂ ಬರವಿಲ್ಲ. ಜಗತ್ತಿನ ಹಾಡೆಲ್ಲ ಜೇಬಿನಲ್ಲಿವೆ. ಹಾಡುವವರಿಗೂ ಅಂಗಡಿಯವರನ್ನು ಬೇಡುವ ಕಷ್ಟವಿಲ್ಲ. ಒಳ್ಳೆಯದೇ. ಆದರೆ ವ್ಯಾಪಾರ ಬಿಟ್ಟು ಪೂರ್ತಿ ಕೇಳಿ, 'ಇದೊಂದು ಸರಿಯಿಲ್ಲ ತಂಗಿ' ಎಂದು ಮುಖಕ್ಕೇ ಹೇಳುವ ಮನುಷ್ಯನನ್ನು ಯಾವ ಆ್ಯಪಿನಿಂದ ಡೌನ್‌ಲೋಡ್ ಮಾಡಿಕೊಳ್ಳೋಣ?